ಗಾಡಿ ಹಿಂದೆ ನಡೆದವಳ ಹೆಸರು ಹುಡುಕುತ್ತಾ

(1/6)
ಕಮಾನು ಗಾಡಿ ಕಟ್ಕೊಂಡು ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದವರನ್ನ ಸಿನಿಮಾಗಳಲ್ಲಿ ನೋಡಿರ್ತೀರ. ಅವರಿಗೆ ಅಲ್ಲಿ ‘ಪಯೋನಿಯರ್’ ಅಂತಾರೆ. ‘ನಮ್ಮ ಮುತ್ತಜ್ಜ ಗಾಡಿ ಕಾಲದಲ್ಲಿ ಬಂದವರು’ ಅನ್ನೋದು ಅಲ್ಲಿನ ಎಷ್ಟೋ ಮನೆಗಳಿಗೆ ಇವತ್ತಿಗೂ ಹೆಮ್ಮೆ. ಆದ್ರೆ ನಿಮ್ಮ ಮುತ್ತಜ್ಜಿ ಗಾಡಿಯೊಳಗೆ ಕೂತಿರಲಿಲ್ಲ, ಅದರ ಹಿಂದೆ ದನ ಹೊಡ್ಕೊಂಡು ನಡೆದ ಗುಲಾಮ ಹೆಂಗಸಾಗಿದ್ದಳು ಅಂದ್ಕೊಳ್ಳಿ. ಆಕೆಯನ್ನ ಯಾವ ಕಾಗದದಲ್ಲಿ ಹುಡುಕ್ತೀರ? ಇವತ್ತಿನ ಕಥೆ ಬಿಡ್ಡಿ ಮೇಸನ್ ಅವಳದು. ವಂಶ ಹುಡುಕೋರ ಮೊದಲ ನಿಯಮ: ಹತ್ತಿರದ ಕಾಲದಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು. ನಾವೂ ಹಾಗೇ ಹೋಗೋಣ.

(2/6) ಸಮಾಧಿ
ಲಾಸ್ ಏಂಜಲೀಸ್‌ನ ಎವರ್‌ಗ್ರೀನ್ ಸ್ಮಶಾನ. ಬಿಡ್ಡಿ ತೀರಿಕೊಂಡಿದ್ದು 1891ರ ಜನವರಿ 15ರಂದು. ಆದರೆ ಆಕೆಯ ಸಮಾಧಿಗೆ ಹೆಸರಿನ ಕಲ್ಲು ಬಿದ್ದಿದ್ದು 1988ರಲ್ಲಿ! 97 ವರ್ಷ ಆ ಜಾಗದಲ್ಲಿ ಹೆಸರೇ ಇರಲಿಲ್ಲ. ಹಾಗಂತ ಆಕೆ ಯಾರಿಗೂ ಗೊತ್ತಿಲ್ಲದವಳೇನಲ್ಲ. ಊರಿನವರು ‘ಮೇಸನ್ ಅಜ್ಜಿ’ ಅಂತಲೇ ಕರೀತಿದ್ರು. 1872ರಲ್ಲಿ ಆ ಊರಿನ ಫಸ್ಟ್ ಎ.ಎಂ.ಇ. ಚರ್ಚ್ ಶುರುವಾಗಿದ್ದೇ ಆಕೆಯ ಮನೆಯಲ್ಲಿ. ನೆನಪು ಜನರ ಬಾಯಲ್ಲಿತ್ತು, ಕಲ್ಲಿನ ಮೇಲೆ ಇರಲಿಲ್ಲ ಅಷ್ಟೆ.

(3/6) ಜಮೀನು ಪತ್ರ
ಇನ್ನೂ ಹಿಂದಕ್ಕೆ, 1866. ಸ್ಪ್ರಿಂಗ್ ಸ್ಟ್ರೀಟ್‌ನಲ್ಲಿ ಬಿಡ್ಡಿ 250 ಡಾಲರ್ ಕೊಟ್ಟು ಜಾಗ ಕೊಂಡಳು. ಆ ಊರಲ್ಲಿ ಸ್ವಂತ ಜಮೀನು ಕೊಂಡ ಮೊದಮೊದಲ ಕಪ್ಪು ಮಹಿಳೆಯರಲ್ಲಿ ಆಕೆಯೂ ಒಬ್ಬಳು. ದುಡ್ಡು ಎಲ್ಲಿಂದ ಬಂತು? ಆಕೆ ಸೂಲಗಿತ್ತಿ. ಡಾ. ಜಾನ್ ಗ್ರಿಫಿನ್ ಜೊತೆ ದಿನಕ್ಕೆ ಎರಡೂವರೆ ಡಾಲರ್‌ಗೆ ಕೆಲಸ ಮಾಡ್ತಿದ್ದಳು. ಅಂದ್ರೆ ಆ ಜಾಗದ ಬೆಲೆ ಪೂರ್ತಿ 100 ದಿನದ ಕೂಲಿ. ಉಣ್ಣೋಕೆ, ಉಡೋಕೆ, ಮಕ್ಕಳನ್ನ ಸಾಕೋಕೆ ಹೋಗಿ ಉಳಿದಿದ್ದರಲ್ಲಿ ಅಷ್ಟು ಕೂಡಿಡೋಕೆ ಹಿಡಿದಿದ್ದು ಹತ್ತು ವರ್ಷ. ಓದು ಬರಹ ಬರ್ತಿರಲಿಲ್ಲ. ಪತ್ರಗಳ ಮೇಲೆ ಆಕೆಯ ಸಹಿ ಬರೀ ಒಂದು ಗುಣಾಕಾರದ ಗುರುತು. ಆದ್ರೆ ಮಾಲೀಕಳು ಆಕೆಯೇ!

(4/6) ಕೋರ್ಟಿನ ಕಾಗದ
ಈಗ 1856ಕ್ಕೆ ಬನ್ನಿ. ಇಡೀ ಹುಡುಕಾಟದ ಜೀವ ಇಲ್ಲಿದೆ. ಯಜಮಾನ ರಾಬರ್ಟ್ ಸ್ಮಿತ್ 1851ರಲ್ಲಿ ಬಿಡ್ಡಿಯನ್ನ ಕ್ಯಾಲಿಫೋರ್ನಿಯಾಕ್ಕೆ ಕರ್ಕೊಂಡು ಬಂದಿದ್ದ. ಅಲ್ಲಿನ ಸಂವಿಧಾನದಲ್ಲಿ ಗುಲಾಮಗಿರಿಗೆ ಅವಕಾಶವೇ ಇರಲಿಲ್ಲ. ಆದ್ರೂ ಅವಳನ್ನ ಬಿಡಲಿಲ್ಲ. ಕೊನೆಗೆ ಎಲ್ಲರನ್ನೂ ಟೆಕ್ಸಾಸ್‌ಗೆ ಸಾಗಿಸೋಕೆ ಹೊರಟ. ಅಲ್ಲಿ ಗುಲಾಮಗಿರಿ ಕಾನೂನುಬದ್ಧ. ಒಮ್ಮೆ ಗಡಿ ದಾಟಿದ್ರೆ ಮುಗೀತು.

ಲಾಸ್ ಏಂಜಲೀಸ್‌ನ ಸ್ವತಂತ್ರ ಕಪ್ಪು ವ್ಯಾಪಾರಿ ರಾಬರ್ಟ್ ಓವೆನ್ಸ್ ಮತ್ತು ಗೆಳೆಯರು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿ ಅವರನ್ನ ತಡೆದರು. ಕೇಸು ಜಡ್ಜ್ ಬೆಂಜಮಿನ್ ಹೇಯ್ಸ್ ಮುಂದೆ ಬಂತು. ಆದ್ರೆ ಆಗಿನ ಕಾನೂನು ನೋಡಿ: ಬಿಳಿಯರ ವಿರುದ್ಧ ಕಪ್ಪು ಜನ ಸಾಕ್ಷಿ ಹೇಳೋ ಹಾಗಿಲ್ಲ. ತನ್ನ ಬಿಡುಗಡೆಯ ಕೇಸಲ್ಲಿ ತಾನೇ ಬಾಯಿ ಬಿಡೋ ಹಾಗಿಲ್ಲ. ಜಡ್ಜ್ ಆಕೆಯನ್ನ ತಮ್ಮ ಕೋಣೆಗೆ ಕರೆಸಿ ಪ್ರತ್ಯೇಕವಾಗಿ ಕೇಳಿದರು. ಟೆಕ್ಸಾಸ್ ಪ್ರಯಾಣ ಅಂದ್ರೆ ನನಗೆ ಮೊದಲಿಂದಲೂ ಭಯ ಅಂದಳು ಆಕೆ. ಬಿಡ್ಡಿ, ಆಕೆಯ ಮೂವರು ಹೆಣ್ಣುಮಕ್ಕಳು, ಹ್ಯಾನಾ ಅನ್ನೋ ಇನ್ನೊಬ್ಬಾಕೆ, ಅವಳ ಕುಟುಂಬ, ಒಟ್ಟು 14 ಜನ ಸ್ವತಂತ್ರರು ಅಂತ ತೀರ್ಪು ಬಂತು. ಮರುವರ್ಷ, 1857ರಲ್ಲಿ, ಡ್ರೆಡ್ ಸ್ಕಾಟ್ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ ಅಂತು. ಎಂಥ ಸೂಕ್ಷ್ಮ ಗಳಿಗೆಯಲ್ಲಿ ಆ 14 ಜನ ಪಾರಾದರು ಯೋಚನೆ ಮಾಡಿ.

ಓವೆನ್ಸ್ ಮಗ ಚಾರ್ಲ್ಸ್, ಬಿಡ್ಡಿಯ ದೊಡ್ಡ ಮಗಳು ಎಲೆನ್‌ಳನ್ನ ಮದುವೆಯಾದ. ಅಲ್ಲಿಂದ ವಂಶ ಬೆಳೀತು.

(5/6) ಗೋಡೆ
1848. ಮಿಸಿಸಿಪ್ಪಿಯಿಂದ ಯೂಟಾಕ್ಕೆ ಸುಮಾರು 1,700 ಮೈಲಿ. ಸ್ಮಿತ್ ಕುಟುಂಬ ಮಾರ್ಮನ್ ಪಂಥಕ್ಕೆ ಸೇರಿ ಅತ್ತ ಹೊರಟಿತ್ತು. ಬಿಡ್ಡಿಗೆ ಆಗ 30ರ ಆಸುಪಾಸು. ಕಂಕುಳಲ್ಲಿ ಎಳೇ ಕೂಸು, ಜೊತೆಗೆ ಇನ್ನಿಬ್ಬರು ಮಕ್ಕಳು, ಮುಂದೆ ದನಗಳ ಹಿಂಡು. ಅದಕ್ಕೂ ಹಿಂದೆ? ಆಕೆ ಹುಟ್ಟಿದ್ದು 1818ರಲ್ಲಿ ಅಂತಾರೆ. ಆದ್ರೆ ಅಪ್ಪ ಅಮ್ಮನ ಹತ್ರ ಹೋಗೋಷ್ಟರಲ್ಲಿ ದಾರಿ ಮುಚ್ಚಿಹೋಗುತ್ತೆ.

ಯಾಕೆ ಗೊತ್ತಾ? 1850ರ ಅಮೆರಿಕದ ಜನಗಣತಿಯಲ್ಲಿ ಸ್ವತಂತ್ರ ಮನೆಗಳ ಎಲ್ಲರ ಹೆಸರೂ ಬರೆದರು. ಗುಲಾಮರಿಗೆ ಬೇರೆ ಪಟ್ಟಿ. ಅದರಲ್ಲಿ ಯಜಮಾನನ ಹೆಸರು, ಕೆಳಗೆ ವಯಸ್ಸು, ಲಿಂಗ, ಮೈಬಣ್ಣ. ಗುಲಾಮರ ಹೆಸರಿಗೆ ಜಾಗವಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದ ಲಕ್ಷಾಂತರ ಜನರ ಹೆಸರು ಜನಗಣತಿಗೆ ಮೊದಲ ಸಲ ಬಂದಿದ್ದು 1870ರಲ್ಲಿ. ಅದಕ್ಕೇ ವಂಶ ಹುಡುಕೋ ಕಪ್ಪು ಅಮೆರಿಕನ್ನರು ಅದನ್ನ ‘1870ರ ಗೋಡೆ’ ಅಂತಾರೆ. ಗೋಡೆ ಆಚೆ ಹೋಗಬೇಕಾದ್ರೆ ಯಜಮಾನರ ಉಯಿಲು, ಆಸ್ತಿ ಪಟ್ಟಿ, ಮಾರಾಟದ ಚೀಟಿ ತಿರುವಿಹಾಕಬೇಕು. ಅಜ್ಜಿಯ ಹೆಸರು ಸಿಗೋದು ಹಸು, ಮಂಚ, ಪಾತ್ರೆಗಳ ನಡುವೆ. ಪಕ್ಕದಲ್ಲಿ ಬೆಲೆ.

(6/6)
ಬಿಡ್ಡಿಯನ್ನ ಒಂದು ಕಾಗದ ವಸ್ತು ಅಂತು, ಇನ್ನೊಂದು ಮನುಷ್ಯಳು ಅಂತು. ಎರಡನ್ನೂ ಬರೆದಿದ್ದು ಬೇರೆಯವರೇ. ಆಕೆ ಸ್ವಂತ ಕೈಯಿಂದ ಹಾಕಿದ್ದು ಆ ಗುಣಾಕಾರದ ಗುರುತು ಮಾತ್ರ. ಇವತ್ತು ಆಕೆಯ ಮನೆಯಿದ್ದ ಜಾಗದಲ್ಲಿ ಒಂದು ಪುಟ್ಟ ಪಾರ್ಕ್ ಇದೆ. 1989ರಲ್ಲಿ ಕಟ್ಟಿದ ಉದ್ದನೆ ಗೋಡೆ ಮೇಲೆ ಆಕೆಯ ಬದುಕು ದಶಕ ದಶಕವಾಗಿ ಕೆತ್ತಿದೆ. ಹೆಸರು ಮುಚ್ಚಿಟ್ಟ ಗೋಡೆಗೆ, ಹೆಸರು ಹೇಳೋ ಗೋಡೆಯೇ ಉತ್ತರ.

ನಮ್ಮಲ್ಲೂ ಉತ್ತರ ಕರ್ನಾಟಕದ ಕಡೆ ಹೆಳವರು ಮನೆಬಾಗಿಲಿಗೆ ಬಂದು ವಂಶಾವಳಿ ಒಪ್ಪಿಸ್ತಾರೆ. ಮುಂದಿನ ಸಲ ಬಂದಾಗ ಕೂತು ಕೇಳಿ. ಕೇಳ್ತಾ ಒಂದು ಪ್ರಶ್ನೆ ಮನಸ್ಸಲ್ಲಿ ಇಟ್ಕೊಳ್ಳಿ: ಈ ಸಾಲಲ್ಲಿ ಯಾರ ಹೆಸರು ಬರಲಿಲ್ಲ? ನಿಮ್ಮ ಅಜ್ಜಿಯ ಅಮ್ಮನ ಹೆಸರು ಗೊತ್ತಾ? ಗೊತ್ತಿದ್ರೆ ಕಾಮೆಂಟಲ್ಲಿ ಬರೀರಿ. ಗೊತ್ತಿಲ್ದಿದ್ರೆ ಇವತ್ತೇ ಮನೆಗೆ ಫೋನ್ ಮಾಡಿ.

#ಇತಿಹಾಸ #ಬಿಡ್ಡಿಮೇಸನ್ #ವಂಶಾವಳಿ