ಬೀಜರೂಪಿ ಲೋಗೋಸ್: ಜಸ್ಟಿನ್‌ನ ಬದುಕು ಮತ್ತು ಚಿಂತನೆ

ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತಮತವಿನ್ನೂ ಶಂಕೆಗೆ ಗುರಿಯಾಗಿದ್ದ ಎರಡನೆಯ ಶತಮಾನದಲ್ಲಿ, ಅದನ್ನು ಗ್ರೀಕ್ ತತ್ತ್ವಶಾಸ್ತ್ರದ ಪರಿಭಾಷೆಯಲ್ಲಿ ಸಮರ್ಥಿಸಿದವರಲ್ಲಿ ಜಸ್ಟಿನ್ ಪ್ರಮುಖ. ಪ್ಯಾಲೆಸ್ಟೈನಿನ ಫ್ಲಾವಿಯಾ ನಿಯಾಪೊಲಿಸ್‌ನಲ್ಲಿ, ಅಂದರೆ ಇಂದಿನ ನಾಬ್ಲುಸ್‌ನಲ್ಲಿ, ಸುಮಾರು ಕ್ರಿ.ಶ. 100ರಲ್ಲಿ ಯೆಹೂದ್ಯೇತರ ಕುಟುಂಬದಲ್ಲಿ ಹುಟ್ಟಿದ ಈತ, ತನ್ನ ಅನ್ವೇಷಣೆಯ ಹಾದಿಯನ್ನು ಟ್ರೈಫೋ ಎಂಬ ಯೆಹೂದ್ಯನೊಡನೆ ನಡೆಸಿದ ಸಂವಾದರೂಪದ ಕೃತಿಯಲ್ಲಿ ನಿರೂಪಿಸಿದ್ದಾನೆ. ಮೊದಲು ಆಶ್ರಯಿಸಿದ ಸ್ಟೋಯಿಕ್ ಗುರುವಿಗೆ ದೇವರ ವಿಚಾರವೇ ಅನಗತ್ಯವೆನಿಸಿತ್ತು. ಅರಿಸ್ಟಾಟಲನ ಪಂಥದವನು ಕೆಲವೇ ದಿನಗಳಲ್ಲಿ ಶುಲ್ಕದ ಮಾತೆತ್ತಿದ. ಪೈಥಾಗೊರಸನ ಅನುಯಾಯಿ ಸಂಗೀತ, ಖಗೋಳ, ರೇಖಾಗಣಿತಗಳನ್ನು ಮೊದಲು ಕಲಿತಿರಬೇಕೆಂದ. ಕೊನೆಗೆ ಪ್ಲೇಟೋವಿನ ದರ್ಶನದಲ್ಲಿ ತೃಪ್ತಿ ಕಂಡಿದ್ದವನನ್ನು, ಕಡಲ ಬಳಿಯ ಏಕಾಂತದಲ್ಲಿ ಎದುರಾದ ವೃದ್ಧನೊಬ್ಬ ಹೀಬ್ರೂ ಪ್ರವಾದಿಗಳತ್ತ ತಿರುಗಿಸಿದ. ಮತಾಂತರದ ನಂತರವೂ ಜಸ್ಟಿನ್ ತತ್ತ್ವಜ್ಞಾನಿಗಳ ಮೇಲುವಸ್ತ್ರವನ್ನು ತೊರೆಯಲಿಲ್ಲ. ಏಕೆಂದರೆ ಅವನ ಪಾಲಿಗೆ ಕ್ರೈಸ್ತಮತವೇ ನಿಜವಾದ ತತ್ತ್ವಜ್ಞಾನವಾಗಿತ್ತು.

ಈ ನಿಲುವಿಗೆ ಆಧಾರವಾದದ್ದು 'ಲೋಗೋಸ್' ಎಂಬ ಪರಿಕಲ್ಪನೆ. ಮಾತು, ವಿವೇಕ ಎಂಬೆರಡೂ ಅರ್ಥಗಳಿರುವ ಈ ಗ್ರೀಕ್ ಪದವನ್ನು ಸ್ಟೋಯಿಕರು ವಿಶ್ವವನ್ನು ವ್ಯಾಪಿಸಿ ನಡೆಸುವ ತತ್ತ್ವಕ್ಕೆ ಬಳಸುತ್ತಿದ್ದರು. ಯೋಹಾನನ ಸುವಾರ್ತೆಯಲ್ಲಿ ಅದು ಕ್ರಿಸ್ತನನ್ನು ಸೂಚಿಸುತ್ತದೆ, ಕನ್ನಡ ಬೈಬಲ್‌ನಲ್ಲಿ ಅದಕ್ಕೆ 'ವಾಕ್ಯ' ಎಂಬ ಪದವಿದೆ. ಜಸ್ಟಿನ್ ಇವೆರಡನ್ನೂ ಬೆಸೆದು, ಕ್ರಿಸ್ತನಲ್ಲಿ ಪೂರ್ಣವಾಗಿ ಪ್ರಕಟವಾದ ಲೋಗೋಸ್ ಎಲ್ಲ ಮನುಷ್ಯರಲ್ಲೂ ಬೀಜರೂಪದಲ್ಲಿ ಬಿತ್ತಲ್ಪಟ್ಟಿದೆಯೆಂದು ವಾದಿಸಿದ. ಆದ್ದರಿಂದಲೇ ವಿವೇಕಕ್ಕೆ ಅನುಗುಣವಾಗಿ ಬಾಳಿದ ಸಾಕ್ರೆಟಿಸ್, ಹೆರಾಕ್ಲಿಟಸ್ ಮೊದಲಾದವರನ್ನು ಅವನು ಕ್ರೈಸ್ತರೆಂದೇ ಪರಿಗಣಿಸಿದ. ಸ್ಟೋಯಿಕರ ನೀತಿಬೋಧೆಯ ಹಿರಿಮೆಗೂ ಈ ಬೀಜವೇ ಕಾರಣವೆಂದ. ಪ್ಲೇಟೋ ಮೋಶೆಯಿಂದ ಕಲಿತನೆಂಬ ಅವನ ಇನ್ನೊಂದು ವಾದಕ್ಕಿಂತ ಈ ವಿಚಾರ ಎಷ್ಟೋ ಉದಾರವಾದುದು.

ರೋಮಿನಲ್ಲಿ ಪಾಠಶಾಲೆ ನಡೆಸುತ್ತಿದ್ದ ಜಸ್ಟಿನ್, ಸುಮಾರು 155ರಲ್ಲಿ ಚಕ್ರವರ್ತಿ ಆಂಟೊನೈನಸ್ ಪಯಸ್‌ನನ್ನು ಉದ್ದೇಶಿಸಿ 'ಅಪೊಲೊಜಿ', ಅಂದರೆ ಸಮರ್ಥನಾ ಪತ್ರವನ್ನು ಬರೆದು, ಅಪರಾಧ ಸಾಬೀತಾಗದೆ ಕ್ರೈಸ್ತರೆಂಬ ಬರಿಯ ಹೆಸರಿಗಾಗಿ ಯಾರನ್ನೂ ದಂಡಿಸಬಾರದೆಂದು ವಾದಿಸಿದ. ರಾಜ್ಯದ ದೇವತೆಗಳನ್ನು ಪೂಜಿಸದ ಕ್ರೈಸ್ತರ ಮೇಲಿದ್ದ ನಾಸ್ತಿಕತೆಯ ಆರೋಪ ಸಾಕ್ರೆಟಿಸನ ಮೇಲೂ ಬಂದಿತ್ತೆಂಬುದನ್ನು ಅವನು ಅದರಲ್ಲಿ ನೆನಪಿಸಿದ್ದಾನೆ.

ಸುಮಾರು 165ರಲ್ಲಿ ಅವನನ್ನೂ ಆರು ಮಂದಿ ಸಂಗಡಿಗರನ್ನೂ ನಗರಾಧಿಕಾರಿ ಜೂನಿಯಸ್ ರಸ್ಟಿಕಸ್ ವಿಚಾರಣೆಗೆ ಒಳಪಡಿಸಿದ. ಅವರಲ್ಲಿ ಒಬ್ಬ ಮಹಿಳೆಯೂ ಚಕ್ರವರ್ತಿಯ ಮನೆಯ ಗುಲಾಮನೊಬ್ಬನೂ ಇದ್ದರು. ದೇವತೆಗಳಿಗೆ ಬಲಿ ಅರ್ಪಿಸಲು ಒಪ್ಪದ ಏಳು ಮಂದಿಗೂ ಮರಣದಂಡನೆಯಾಯಿತು. ಗ್ರೀಕಿನಲ್ಲಿ ಸಾಕ್ಷಿ ಎಂಬ ಅರ್ಥದ 'ಮಾರ್ಟಿಸ್' ಪದ ಕ್ರಮೇಣ ನಂಬಿಕೆಗಾಗಿ ಪ್ರಾಣ ತೆತ್ತವರಿಗೆ, ಅಂದರೆ ರಕ್ತಸಾಕ್ಷಿಗಳಿಗೆ, ಅನ್ವಯವಾಗಿ ಜಸ್ಟಿನ್‌ನ ಹೆಸರಿಗೂ ಸೇರಿಕೊಂಡಿತು. ತೀರ್ಪಿತ್ತ ರಸ್ಟಿಕಸ್ ಸಾಮಾನ್ಯ ಅಧಿಕಾರಿಯಲ್ಲ. ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ಗೆ ಎಪಿಕ್ಟೆಟಸ್‌ನ ಬೋಧನೆಗಳನ್ನು ಪರಿಚಯಿಸಿದ ಸ್ಟೋಯಿಕ್ ಗುರು. ಜಸ್ಟಿನ್‌ನ ಸಿದ್ಧಾಂತವನ್ನು ಒಪ್ಪುವುದಾದರೆ, ಅವನ ಸಾವಿಗೆ ಆಜ್ಞೆಯಿತ್ತವನಲ್ಲೂ ಅದೇ ಬೀಜವಿತ್ತು.