ಮಠಕ್ಕೆ ಹೋಗುವವರು

ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕು ಹೊತ್ತು ಇಳಿದ ಹುಡುಗನನ್ನು ಎಲ್ಲಿಗಪ್ಪಾ ಅಂದರೆ ‘ಮಠಕ್ಕ ಹೊಂಟೀನ್ರಿ’ ಅನ್ನುತ್ತಾನೆ. ಪೂಜೆಗಲ್ಲ, ಓದಲಿಕ್ಕೆ. ಟ್ರಂಕಿನೊಳಗೆ ಪಾಠಪುಸ್ತಕ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ.

ಮಠ ಅಂದರೆ ಓದುವ ಜಾಗ ಎಂಬುದು ಹೊಸ ಅರ್ಥವೇನಲ್ಲ. ಬಳ್ಳಿಗಾವಿಯ ಕೋಡಿಮಠದ 1162ರ ಶಾಸನದಲ್ಲಿ ವೇದ, ವ್ಯಾಕರಣ, ಶಾಸ್ತ್ರಗಳ ಪಾಠದ ಜೊತೆಗೇ ಅನಾಥರಿಗೆ ಅನ್ನ, ರೋಗಿಗಳಿಗೆ ಔಷಧದ ಮಾತೂ ಇದೆ.

ಆಮೇಲೆ ಮಠ ಎಂಬ ಪದ ಗುಡಿಯ ಜಗಲಿಗೆ ಇಳಿಯಿತು. ಅಲ್ಲಿ ಪಾಠ ಹೇಳುವ ಐಗಳು ಮರಳು ಹರವಿ ಮಗುವಿನ ಬೆರಳು ಹಿಡಿದು ‘ಓಂ ನಮಃ’ ತಿದ್ದಿಸುತ್ತಿದ್ದರು. ಅದೇ ಸವೆದು ‘ಓನಾಮ’ ಆಯಿತು. ಸಂಬಳವೆಂದರೆ ಮನೆಮನೆಯ ಕಾಳುಕಡಿ, ಹಬ್ಬದ ಕಾಣಿಕೆ. ಅಷ್ಟಕ್ಕೇ ಜನ ಅದನ್ನು ‘ಕೂಲಿಮಠ’ ಎಂದು ಕರೆದುಬಿಟ್ಟರು. ಪಾಠಕ್ಕೆ ಕೂಲಿ ಇಸಕೊಳ್ಳುವುದು ಎದ್ದು ಕಾಣುವ ಸಂಗತಿಯಾಗಿತ್ತು, ಅದಕ್ಕೇ ಬೇರೆ ಹೆಸರು ಬೇಕಾಯಿತೇನೋ.

ಪಾಠ ಹೇಳುವುದು ದೇವರ ಕೆಲಸ ಎಂದುಕೊಂಡವರು ಬೇರೆಡೆಯೂ ಇದ್ದರು. 1541ರಲ್ಲಿ ಜಾನ್ ಕ್ಯಾಲ್ವಿನ್ ಜಿನೀವಾದ ಚರ್ಚಿಗೆ ಕಟ್ಟಳೆ ಬರೆದಾಗ ಪಾದ್ರಿ, ಹಿರಿಯ, ಸೇವಕರ ಸಾಲಿನಲ್ಲೇ ಬೋಧಕನಿಗೂ ಜಾಗ ಕೊಟ್ಟ. 1560ರಲ್ಲಿ ಸ್ಕಾಟ್ಲೆಂಡಿನ ಜಾನ್ ನಾಕ್ಸ್ ಮತ್ತು ಸಂಗಡಿಗರು ಚರ್ಚಿಗೊಬ್ಬ ಮೇಷ್ಟ್ರು ಇರಲೇಬೇಕೆಂದರು. ಅಲ್ಲಿಂದ ಬೆಳೆದ ಪ್ರೆಸ್ಬಿಟೇರಿಯನ್ನರಲ್ಲಿ ಪಾದ್ರಿಗೇ ‘ಬೋಧಿಸುವ ಹಿರಿಯ’ ಎಂಬ ಹೆಸರುಂಟು. ಕ್ಯಾಲ್ವಿನ್ ಪರಂಪರೆಯ ನಂಟಿದ್ದ ಬಾಸೆಲ್ ಮಿಶನ್ 1836ರಲ್ಲಿ ಮಂಗಳೂರಿನಲ್ಲಿ ಶಾಲೆ ತೆರೆದು, ಮುಂದೆ ಕೊಪ್ಪಳದ ನೆರೆಯ ಗದಗ-ಬೆಟಗೇರಿವರೆಗೂ ಬಂತು. ಮಿಶನ್ನಿನ ಬೋಧಕರು ‘ಉಪದೇಶಿ’ ಅನ್ನಿಸಿಕೊಂಡರು.

ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳ ಕತೆ ಬೇರೆ. 1948ರವರೆಗೆ ನಿಜಾಮರ ಆಳ್ವಿಕೆ, ಸರ್ಕಾರಿ ಶಾಲೆಯಲ್ಲಿ ಉರ್ದುವಿನದೇ ದರ್ಬಾರು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಮೂಕ. ಇಂಥ ನಾಡಿನಲ್ಲಿ ಕನ್ನಡದ ಪಾಠಕ್ಕೆ ಆಸರೆಯಾದದ್ದು ಮಠಗಳು, ಐಗಳು ಮತ್ತು ಕುಕನೂರಿನ ವಿದ್ಯಾನಂದ ಗುರುಕುಲದಂಥ ಖಾಸಗಿ ಸಂಸ್ಥೆಗಳು.

ಕೊಪ್ಪಳದ ಗವಿಮಠ ಹೈಸ್ಕೂಲು, ಕಾಲೇಜು, ಆಯುರ್ವೇದ ಕಾಲೇಜುಗಳನ್ನು ಕಟ್ಟಿತು. 2022ರಲ್ಲಿ 5,000 ಮಕ್ಕಳ ಉಚಿತ ಹಾಸ್ಟೆಲಿನ ಮಾತೆತ್ತಿದ ಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ವೇದಿಕೆಯಲ್ಲೇ ಕಣ್ಣೀರು ಹಾಕಿದರು. ದೇಣಿಗೆ ಹರಿದು ಬಂತು. ಜನವರಿಯ ಜಾತ್ರೆಗಂತೂ ಹಳ್ಳಿಗಳಿಂದ ಜೋಳದ ರೊಟ್ಟಿ ಟ್ರ್ಯಾಕ್ಟರು ತುಂಬಿ ಬರುತ್ತವೆ. ಜಾತ್ರೆಯ ದಾಸೋಹಕ್ಕೆಂದು ರೊಟ್ಟಿ ಬಡಿದ ಹೆಂಗಸಿಗೂ ಮಠದ ಕೆಲಸದಲ್ಲಿ ಪಾಲಿದೆ.

ಇನ್ನು ಮಠದ ಹೆಸರಿನಲ್ಲೇ ಲಕ್ಷಗಟ್ಟಲೆ ಡೊನೇಶನ್ ಎಣಿಸಿ ಸೀಟು ಕೊಡುವ ಕಾಲೇಜುಗಳೂ ನಾಡಿನಲ್ಲಿ ಇಲ್ಲದಿಲ್ಲ. ಅವುಗಳಿಗೆ ಹೊಸ ಪದ ಹುಡುಕಬೇಕಾಗಿಲ್ಲ, ಕೂಲಿಮಠ ಅನ್ನಬಹುದು. ಕಾಳುಕಡಿಗೆ ಅಕ್ಷರ ಕಲಿಸಿದ ಐಗಳಿಗೆ ಅದರಿಂದ ಅವಮಾನವಾಗುತ್ತದೆ, ಅಷ್ಟೇ.