ಕಾರ್ಲ್‌ಶ್ಟೇನ್: ಕೋಟೆಯೋ, ಖಜಾನೆಯೋ?

ಕೋಟೆ ಎಂದ ಮೇಲೆ ಗಡಿಯನ್ನಾದರೂ ಕಾಯಬೇಕು, ದಾರಿಯನ್ನಾದರೂ ಕಾಯಬೇಕು. ಚೆಕ್ ನಾಡಿನ ಹೆಸರಾಂತ ಕೋಟೆ ಕಾರ್ಲ್‌ಶ್ಟೇನ್ ಇವೆರಡನ್ನೂ ಮಾಡಲಿಲ್ಲ. ಪ್ರಾಗ್‌ನಿಂದ ನೈಋತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರ, ಬೆರೌಂಕಾ ನದಿಯ ಸಮೀಪದ ಸುಣ್ಣಕಲ್ಲಿನ ಬಂಡೆಯ ಮೇಲೆ ಅದು ನಿಂತಿದೆ. ದೊಡ್ಡ ವ್ಯಾಪಾರಮಾರ್ಗ ಅತ್ತ ಹಾಯುವುದಿಲ್ಲ. ಸುತ್ತಲಿನ ಗುಡ್ಡಗಳು ಅದನ್ನು ಮರೆಮಾಡುತ್ತವೆ. ಹಾಗಿದ್ದರೆ ಬೊಹೀಮಿಯದ ದೊರೆ ನಾಲ್ಕನೇ ಚಾರ್ಲ್ಸ್ ಅಲ್ಲೇಕೆ ಕಟ್ಟಿಸಿದ? ಕೋಟೆಯ ರಚನೆಯನ್ನೂ ಮುಂದಿನ ಶತಮಾನಗಳಲ್ಲಿ ಅದರ ಪಾಡನ್ನೂ ಒಟ್ಟಿಗಿಟ್ಟು ನೋಡಿದರೆ, ಅದು ಮೊದಲಿನಿಂದಲೂ ಪವಿತ್ರ ವಸ್ತುಗಳ ಭಂಡಾರವಾಗಿತ್ತು, ಗೋಡೆ ಬುರುಜುಗಳೆಲ್ಲ ಆ ಭಂಡಾರದ ಕಾವಲಿಗೆ ಎದ್ದವು ಎಂದೇ ತೋರುತ್ತದೆ.

ಶಿಲಾನ್ಯಾಸ ನಡೆದದ್ದು 1348ರ ಜೂನ್ 10ರಂದು, ಪ್ರಾಗ್‌ನ ಆರ್ಚ್‌ಬಿಷಪ್ ಅರ್ನೋಶ್ಟ್ ಅವರ ಕೈಯಿಂದ. ಪ್ರಾಗ್‌ನ ವಿಶ್ವವಿದ್ಯಾಲಯವೂ ಹೊಸ ಪಟ್ಟಣವೂ ಹುಟ್ಟಿದ್ದು ಅದೇ ವರ್ಷ. ಚಾರ್ಲ್ಸ್ 1355ರಲ್ಲಿ ರೋಮ್‌ನಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯಾಗಿ ಕಿರೀಟ ಧರಿಸಿದ. ಸಾಮ್ರಾಜ್ಯದ ಕಿರೀಟ, ಖಡ್ಗ, ಸಂತರ ಅವಶೇಷಗಳಿಗೆ ಭದ್ರವಾದ ಜಾಗ ಬೇಕಿತ್ತು. ಕೋಟೆಯ ಕಟ್ಟಡಗಳು ಬಂಡೆಯ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ. ಎಲ್ಲಕ್ಕಿಂತ ಕೆಳಗೆ ಬಾವಿಗೋಪುರ ಮತ್ತು ಕಿಲ್ಲೇದಾರನ ಮನೆ, ಅದರ ಮೇಲೆ ಅರಮನೆ, ಆಮೇಲೆ ಮೇರಿಗೋಪುರ, ತುತ್ತತುದಿಯಲ್ಲಿ ಸುಮಾರು 60 ಮೀಟರ್ ಎತ್ತರದ ದೊಡ್ಡ ಗೋಪುರ. ಗಮನಿಸಬೇಕಾದ ಮಾತೆಂದರೆ, ದೊರೆ ಮಲಗುತ್ತಿದ್ದ ಕೋಣೆ ಅತ್ಯಂತ ಭದ್ರವಾದ ಜಾಗದಲ್ಲಿರಲಿಲ್ಲ. ಆ ಜಾಗ ಮೀಸಲಾಗಿದ್ದದ್ದು ದೊಡ್ಡ ಗೋಪುರದೊಳಗಿನ ಪವಿತ್ರ ಶಿಲುಬೆಯ ಪ್ರಾರ್ಥನಾಮಂದಿರಕ್ಕೆ.

1365ರಲ್ಲಿ ಪ್ರತಿಷ್ಠೆಯಾದ ಈ ಮಂದಿರ ಕಾರ್ಲ್‌ಶ್ಟೇನಿನ ಜೀವಾಳ. ಗೋಡೆಯ ಕೆಳಭಾಗಕ್ಕೆ ನುಣುಪು ಮಾಡಿದ ಬಣ್ಣದ ಕಲ್ಲುಗಳನ್ನು ಚಿನ್ನದ ಲೇಪವಿದ್ದ ಗಾರೆಯಲ್ಲಿ ಕೂರಿಸಿದ್ದಾರೆ. ಮೇಲ್ಭಾಗದಲ್ಲಿ ಕಲಾವಿದ ಥಿಯೊಡೊರಿಕ್ ಮತ್ತು ಅವನ ಸಂಗಡಿಗರು ಹಲಗೆಗಳ ಮೇಲೆ ಬಿಡಿಸಿದ ಸಂತರ ಚಿತ್ರಗಳು; ಇಂದಿಗೂ 129 ಉಳಿದಿವೆ. ಹಲವು ಚಿತ್ರಗಳ ಚೌಕಟ್ಟಿನಲ್ಲೇ ಆಯಾ ಸಂತರ ಅವಶೇಷ ಇಡಲು ಗೂಡು ಕೊರೆದಿದ್ದರು. ಎಂದರೆ ಚಿತ್ರವೂ ಒಂದು ಕರಂಡಕವೇ. 1367ರಲ್ಲಿ ಚಾರ್ಲ್ಸ್ ಈ ಕಲಾವಿದನಿಗೆ ಮೊರ್ಝಿನಾ ಊರಿನಲ್ಲಿದ್ದ ಜಮೀನಿನ ತೆರಿಗೆ ಮಾಫಿ ಮಾಡಿ, ಬದಲಿಗೆ ಮಂದಿರಕ್ಕೆ ವರ್ಷವರ್ಷವೂ ಮೇಣ ಒಪ್ಪಿಸಬೇಕೆಂದು ಕಟ್ಟುಮಾಡಿದ.

ಹೆಂಗಸರಿಗೆ ಈ ಕೋಟೆಯೊಳಗೆ ಪ್ರವೇಶವೇ ಇರಲಿಲ್ಲ ಎಂಬ ಕಥೆ ಜನಪ್ರಿಯವಾದದ್ದು ಯಾರೋಸ್ಲಾವ್ ವ್ರ್ಖ್ಲಿಟ್ಸ್ಕಿಯ 1884ರ ಹಾಸ್ಯನಾಟಕದಿಂದ. ಚಾರ್ಲ್ಸನ ಕಟ್ಟಳೆ ಅಷ್ಟು ದೂರ ಹೋಗಿರಲಿಲ್ಲ. ಮಂದಿರವಿದ್ದ ಗೋಪುರದಲ್ಲಿ ಯಾರೂ ಹೆಣ್ಣಿನೊಡನೆ, ಕೈಹಿಡಿದ ಹೆಂಡತಿಯೇ ಆದರೂ, ಮಲಗಕೂಡದು ಎಂಬಷ್ಟೇ ಅದರ ವ್ಯಾಪ್ತಿ. ಗರ್ಭಗುಡಿಗೆ ಮಡಿ ಇರುವಂಥದ್ದೇ ಇದು.

ಇನ್ನು ರಕ್ಷಣೆಯ ಮಾತು. ಕುಟ್ನಾ ಹೋರಾದ ಗಣಿಗಾರರು ಸುಮಾರು 80 ಮೀಟರ್ ಆಳ ತೋಡಿದರೂ ಬಾವಿಯಲ್ಲಿ ನೀರು ಬೀಳಲಿಲ್ಲ. ಕೊನೆಗೆ ಹತ್ತಿರದ ತೊರೆಯಿಂದ ನೆಲದಡಿಯ ಕಾಲುವೆ ತೆಗೆದು ಬಾವಿಗೆ ನೀರು ಹಾಯಿಸಬೇಕಾಯಿತು. ಆ ಕಾಲುವೆಯ ಗುಟ್ಟು ರಟ್ಟಾದರೆ ಕೋಟೆಯ ಕಥೆ ಮುಗಿದಂತೆ. ಆದರೂ 1422ರಲ್ಲಿ ಹುಸ್‌ಪಂಥೀಯರು (ಧರ್ಮಸುಧಾರಕ ಯಾನ್ ಹುಸ್‌ನ ಅನುಯಾಯಿಗಳು) ಮೇ ತಿಂಗಳಿಂದ ನವೆಂಬರ್‌ವರೆಗೆ ಮುತ್ತಿಗೆ ಹಾಕಿ, ಕವಣೆಯಂತ್ರಗಳಿಂದ ಕಲ್ಲುಗಳ ಜೊತೆಗೆ ಹೊಲಸು ತುಂಬಿದ ಪೀಪಾಯಿಗಳನ್ನೂ ಒಳಗೆಸೆದು, ಏನೂ ದಕ್ಕದೆ ಸಂಧಿ ಮಾಡಿಕೊಂಡು ಹಿಂತಿರುಗಿದರು. ಈ ಗದ್ದಲದ ವರ್ಷಗಳಲ್ಲೇ ಚಾರ್ಲ್ಸನ ಮಗ ದೊರೆ ಸಿಗಿಸ್ಮಂಡ್ ಸಾಮ್ರಾಜ್ಯದ ಲಾಂಛನಗಳನ್ನು ಹಂಗೇರಿಗೆ ಸಾಗಿಸಿದ. 1424ರಲ್ಲಿ ಅವು ನ್ಯೂರೆಂಬರ್ಗ್ ಸೇರಿದವು, ಮತ್ತೆ ಬರಲಿಲ್ಲ.

ಅಷ್ಟಕ್ಕೇ ಭಂಡಾರ ಬರಿದಾಗಲಿಲ್ಲ. ಬೊಹೀಮಿಯದ ರಾಜಕಿರೀಟವೂ ನಾಡಿನ ಸನದುಗಳೂ ಅಲ್ಲಿ ನೆಲೆಗೊಂಡವು. ಆಗ ಕಾರ್ಲ್‌ಶ್ಟೇನಿನ ಕಿಲ್ಲೇದಾರಿಕೆ ರಾಜ್ಯದ ದೊಡ್ಡ ಪದವಿಯಾಯಿತು. ಕಿರೀಟ ಯಾರ ವಶದಲ್ಲಿದೆಯೋ ಪಟ್ಟಾಭಿಷೇಕದಲ್ಲಿ ಅವರ ಮಾತಿಗೆ ತೂಕ. 1617ರಲ್ಲಿ ಪ್ರಾಟೆಸ್ಟಂಟ್ ನಾಯಕ ಥುರ್ನ್‌ನಿಂದ ಈ ಪದವಿ ಕಸಿದು ಕ್ಯಾಥೊಲಿಕ್ ಪಕ್ಷದ ಮಾರ್ಟಿನಿಟ್ಸ್‌ಗೆ ಕೊಟ್ಟರು. ಮರುವರ್ಷ ಪ್ರಾಗ್ ಅರಮನೆಯ ಕಿಟಕಿಯಿಂದ ಪ್ರಾಟೆಸ್ಟಂಟರು ಹೊರಗೆಸೆದವರಲ್ಲಿ ಇದೇ ಮಾರ್ಟಿನಿಟ್ಸ್ ಒಬ್ಬ, ಎಸೆದವರ ಮುಂದಾಳು ಇದೇ ಥುರ್ನ್. ಮೂವತ್ತು ವರ್ಷಗಳ ಯುದ್ಧಕ್ಕೆ ಕಿಡಿ ಹೊತ್ತಿಸಿದ ಈ ಘಟನೆಯ ಹಿಂದೆ ಕಿಲ್ಲೇದಾರಿಕೆಯ ಜಗಳವೂ ಇತ್ತೆಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ.

1619ರಲ್ಲಿ ಕಿರೀಟ ಪ್ರಾಗ್‌ಗೆ ಹೋಯಿತು. 1625ರಲ್ಲಿ ಕಿಲ್ಲೇದಾರಿಕೆಯೇ ರದ್ದಾಯಿತು. 1648ರಲ್ಲಿ ಸ್ವೀಡನ್ ಸೇನೆ ಕೋಟೆಯನ್ನು ಹಿಡಿಯಿತು. ಕೋಟೆ ಒತ್ತೆಬಿದ್ದು, ಕೈಯಿಂದ ಕೈಗೆ ದಾಟಿ, 18ನೇ ಶತಮಾನದಲ್ಲಿ ಪ್ರಾಗ್‌ನ ಕುಲೀನ ಮಹಿಳೆಯರ ಸಂಸ್ಥೆಯೊಂದರ ಪಾಲಾಯಿತು. ಹೆಂಗಸರಿಗೆ ನಿಷಿದ್ಧವೆಂದು ಹೇಳಲಾದ ಕೋಟೆಗೆ ಹೆಂಗಸರೇ ಒಡೆಯರಾದರು! ನಿಧಿ ಹೋದ ಮೇಲೆ ಗೋಡೆಗಳ ಯೋಗಕ್ಷೇಮ ಕೇಳುವವರಿರಲಿಲ್ಲ.

ಇಂದು ಚಿತ್ರಗಳಲ್ಲಿ ಕಾಣುವ ಚೂಪು ಮಾಡುಗಳು, ಅಚ್ಚುಕಟ್ಟಾದ ಗೋಡೆತಲೆಗಳು 14ನೇ ಶತಮಾನದವಲ್ಲ. 1887ರಿಂದ 1899ರವರೆಗೆ ವಾಸ್ತುಶಿಲ್ಪಿ ಯೋಸೆಫ್ ಮೋಟ್ಸ್‌ಕರ್ ನಡೆಸಿದ ಜೀರ್ಣೋದ್ಧಾರದ ಫಲ ಅವು. ಶುದ್ಧ ಗೋಥಿಕ್ ರೂಪ ಬೇಕೆಂಬ ಹಟದಲ್ಲಿ ಅವನು ನಡುವಿನ ಶತಮಾನಗಳ ಗುರುತುಗಳನ್ನು ಅಳಿಸಿದ. ಕಟ್ಟಡ ಉಳಿಯಿತು, ಚರಿತ್ರೆಯ ಒಂದು ಪದರ ಹೋಯಿತು; ಈ ಲೆಕ್ಕದಲ್ಲಿ ನಷ್ಟ ಚಿಕ್ಕದೇನಲ್ಲ. ಚಾರ್ಲ್ಸನ ಕಾರ್ಲ್‌ಶ್ಟೇನನ್ನು ನೋಡಬೇಕೆನ್ನುವವರು ಹೊರಗಿನ ನೋಟಕ್ಕೆ ಮನಸೋತು ಅಲ್ಲಿಗೇ ತೃಪ್ತರಾಗದೆ ದೊಡ್ಡ ಗೋಪುರ ಹತ್ತಬೇಕು. ಮಂದಿರದೊಳಗೆ ಒಮ್ಮೆಗೆ ಕೆಲವೇ ಜನರನ್ನು ಬಿಡುವುದರಿಂದ ಟಿಕೆಟನ್ನು ಮೊದಲೇ ಕಾಯ್ದಿರಿಸಿಕೊಳ್ಳುವುದು ಒಳ್ಳೆಯದು.